ಮೂಗು ಕಟ್ಟಿದ ದಿನ

ಮೂಗು ಕಟ್ಟಿದ ದಿನ ಬಾಯಿ ಬಿಡ್ತೀನಿ ಎಂದು ಒಂಬತ್ತು ವರ್ಷದ ಹಿಂದೆ ಇದೇ ಕುರ್ಚಿಯ ತೋಳು ಮುಟ್ಟಿ ಮಾತು ಕೊಟ್ಟವಳು ಅವಳೇ, ಬೇರೆ ಯಾರೂ ಅಲ್ಲ, ಈಗ ನೋಡಿದರೆ ಎದುರಿನ ಸ್ಟೀಲ್ ಮೇಜಿನ ಮೇಲೆ ಮಲಗಿದ ಮೀನು ಅವಳು ಮಾಡಬೇಕಾದ ಕೆಲಸವನ್ನು ತಾನೇ ಮಾಡಿ ತೋರಿಸುವ ಹಾಗೆ ಬಾಯಿ ಬಿಟ್ಟುಕೊಂಡಿದೆ — ಒಂದು ಕಿತ್ತಳೆ ಹಣ್ಣು ಸಲೀಸಾಗಿ ಹಿಡಿಸುವಷ್ಟು ಅಗಲಕ್ಕೆ, ಏನೋ ಹೇಳಲು ಹೊರಟು ಮೊದಲ ಅಕ್ಷರಕ್ಕೇ ಹೆಪ್ಪುಗಟ್ಟಿದಂತೆ. ಇದು ಎಷ್ಟನೆಯದು, ಹದಿನೇಳು, ಗಾಡಿಯವನು ಕಿವಿರು ಎತ್ತಿ ಹಿಡಿದಿದ್ದಾನೆ, ಅವಳು ಬಗ್ಗಬೇಕು, ಬಗ್ಗಿದಳು, ಕಣ್ಣು ಮುಚ್ಚಬೇಕು, ಮುಚ್ಚಿದಳು, ಉಸಿರು ಎಳೆಯಬೇಕು — ಎಲ್ಲಿಂದ ಎಳೆಯುವುದು, ಎರಡೂ ಹೊಳ್ಳೆಗೆ ಯಾರೋ ಸಿಮೆಂಟು ಮೆತ್ತಿದ್ದಾರೆ, ಗೋಡೆಗೆ ಮೂಗು ಒತ್ತಿಕೊಂಡು ಆಚೆಮನೆಯವರು ಏನು ಅಡುಗೆ ಮಾಡಿದ್ದಾರೆ ಅಂತ ಕಂಡುಹಿಡಿಯಲು ಹೊರಟ ಹಾಗಿದೆ, ಮೀನಿಲ್ಲ, ಉಪ್ಪಿಲ್ಲ, ಸಮುದ್ರವಿಲ್ಲ, ಇಡೀ ಲೋಕವನ್ನು ಯಾರೋ ತೊಳೆದು ಹಿಂಡಿ ಒಣಗಹಾಕಿದ್ದಾರೆ. ಆದರೂ ಹುಬ್ಬು ಒಂಚೂರು ಗಂಟಿಕ್ಕಿ, ತಲೆ ಒಂದಿಷ್ಟು ಓರೆ ಮಾಡಿ, ಮನಸ್ಸಿನಲ್ಲೇ ಒಂದು ಎರಡು ಮೂರು ಎಣಿಸಿ — ಸರಿ, ಎಂದಳು. ಪಕ್ಕದಲ್ಲಿ ಪೆನ್ಸಿಲು ಹಿಡಿದು ನಿಂತ ಚಿಕ್ಕಮೂಗು ತಾನೂ ಬಗ್ಗಿ, ತಾನೂ ಕಣ್ಣು ಮುಚ್ಚಿ, ತಾನೂ ಸರಿ ಎಂದು ಹೇಳಿ ಬರೆದುಕೊಂಡಳು. ಎರಡು ಮೂಗು ಸರಿ ಅಂದಮೇಲೆ ಮುಗಿಯಿತು, ಮೀನು ಮುಂದೆ ಹೋಗುತ್ತದೆ, ಹದಿನೇಳು ಹೋಯಿತು, ಹದಿನೆಂಟು ಬಂತು, ಇದರ ಬಾಯಿ ಮುಚ್ಚಿದೆ, ಸದ್ಯ.

ಇನ್ನೂರು ಜನ ಕೆಲಸ ಮಾಡುವ ಈ ಶೆಡ್ಡಿನಲ್ಲಿ ಕುರ್ಚಿ ಇರುವುದು ಒಂದೇ, ಮಿಕ್ಕವರೆಲ್ಲ ನಿಂತೇ ಬಂದು ನಿಂತೇ ಹೋಗುವವರು — ಕುರ್ಚಿ ಅಂದರೆ ಸಿಂಹಾಸನವೇನಲ್ಲ, ಪ್ಲಾಸ್ಟಿಕ್ಕಿನದು, ಒಂದು ಕಾಲು ಗಿಡ್ಡ, ಅದರಡಿಗೆ ನಾಲ್ಕು ಮಡಿಕೆ ಮಾಡಿ ತುರುಕಿದ ರಟ್ಟು, ಮೇಲೆ ಹಳೆಯ ಪರದೆ ಹರಿದು ಅವಳೇ ಹೊಲಿದ ದಿಂಬು, ಆದರೂ ಕುರ್ಚಿ ಕುರ್ಚಿಯೇ. ಇದಕ್ಕೆ ಮೊದಲು ಆರು ವರ್ಷ ಚಾಕು ಮೇಜಿನಲ್ಲಿ ನಿಂತಿದ್ದಳು, ಆವಿಯಲ್ಲಿ ಬೆಂದು ಬಂದ ಮೀನಿನ ತಲೆ ಕಿತ್ತು, ಚರ್ಮ ಹೆರೆದು, ಬೆನ್ನುಮೂಳೆ ಬಿಡಿಸಿ, ಬಿಳಿ ಮಾಂಸ ಈ ತಟ್ಟೆಗೆ ಕಪ್ಪು ಮಾಂಸ ಆ ತೊಟ್ಟಿಗೆ, ಬಿಳಿಯದು ಮನುಷ್ಯರಿಗೆ ಕಪ್ಪನೆಯದು ಬೆಕ್ಕಿಗೆ, ಸಂಜೆ ಹೊತ್ತಿಗೆ ಹಿಮ್ಮಡಿಗಳು ತಮ್ಮವೇ ಅಲ್ಲ ಅನ್ನಿಸಿಬಿಡುತ್ತಿತ್ತು, ಯಾರದ್ದೋ ಕಾಲು ಎರವಲು ತಂದು ನಡೆದುಕೊಂಡು ಮನೆಗೆ ಹೋದ ಹಾಗೆ. ಆಗ ಮಗಳು ಹೊಟ್ಟೆಯಲ್ಲಿ ಮೂರು ತಿಂಗಳು, ಒಂದು ದಿನ ಒಂದು ತಟ್ಟೆ ಮುಂದೆ ಬಂದದ್ದೇ ತಡ ಓಡಿಹೋಗಿ ಮೋರಿಯ ಹತ್ತಿರ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿಕೊಂಡಳು, ಬಸುರಿ ಕಣ್ರೇ ಬಿಡಿ ಎಂದರು ಪಕ್ಕದವರು, ದೊಡ್ಡಮೂಗು ಮಾತ್ರ ಕುರ್ಚಿ ಬಿಟ್ಟು ಎದ್ದು ಬಂದರು. ದೊಡ್ಡಮೂಗು ಅಂದರೆ ಆಗ ಮೂಸುವ ಕೆಲಸದಲ್ಲಿದ್ದ ಹಿರಿಯರು, ಅವರಿಗೊಂದು ಹೆಸರಿತ್ತು, ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು — ತಟ್ಟೆಯನ್ನು ಎತ್ತಿ ಮೂಸಿದರು, ಇಳಿಸಿದರು, ಮತ್ತೆ ಎತ್ತಿದರು, ಹುಡುಗೀ ಇದನ್ನ ಬೆಳಿಗ್ಗೆ ನಾನು ಸರಿ ಅಂದಿದ್ದೆ, ನಿನ್ನ ಹೊಟ್ಟೆ ಬೇಡ ಅಂತಿದೆ, ನಿನ್ನ ಹೊಟ್ಟೆ ಹೇಳಿದ್ದೇ ನಿಜ, ನನ್ನ ಮೂಗಿಗೆ ವಯಸ್ಸಾಯ್ತು ಎಂದರು. ಯಾರೂ ಕೇಳಿರಲಿಲ್ಲ, ಯಾರೂ ತಳ್ಳಿರಲಿಲ್ಲ, ಮೂರೇ ತಿಂಗಳಲ್ಲಿ ತಾವಾಗಿಯೇ ಕುರ್ಚಿ ಬಿಟ್ಟುಕೊಟ್ಟರು, ಕೊಡುವಾಗ ಎರಡು ಮಾತು ಹೇಳಿದರು — ಅನುಮಾನ ಬಂತೋ, ಹೊಟ್ಟೇಲಿರೋ ಆ ಮಗೂಗೆ ಇದನ್ನ ಹಾಕ್ತೀನಾ ಅಂತ ಕೇಳ್ಕೋ, ಹಾಕಲ್ಲ ಅನ್ನಿಸಿದ್ರೆ ಬೇಡ ಅನ್ನು, ಅದಕ್ಕೆ ಯಾರಪ್ಪಣೇನೂ ಬೇಡ. ಇನ್ನೊಂದು, ಮೂಗು ಕಟ್ಟಿದ ದಿನ ಬಾಯಿ ಬಿಡು. ಉಸಿರಾಡೋಕೆ ಹೇಗೂ ಬಿಡಲೇಬೇಕಲ್ಲ, ಅದರ ಜೊತೆಗೇ ನಿಜಾನೂ ಬಿಟ್ಬಿಡು. ಅವರು ನಕ್ಕರು, ಅವಳೂ ನಕ್ಕಳು, ಬಿಡ್ತೀನಿ ಅಣ್ಣಾ ಎಂದಳು, ಆಗ ಅವಳ ಮೂಗು ಎಂಥದ್ದು, ಬೀದಿಯ ಆ ತುದಿಯಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿತು ಅಂತ ಈ ತುದಿಯಲ್ಲಿ ಹೇಳುವಂಥದ್ದು, ಅಂಥ ಮೂಗು ಕಟ್ಟಿದರೆ ಹೇಳ್ತೀನಿ ಅನ್ನುವುದೂ ಬಾಲ ಬಂದರೆ ಹೇಳ್ತೀನಿ ಅನ್ನುವುದೂ ಒಂದೇ ಆಗಿತ್ತು.

ಹೇಳಿದರೆ ಏನಾಗುತ್ತದೆ ಎನ್ನುವುದು ಗೋಡೆಯ ಮೇಲೆಯೇ ಅಂಟಿಸಿದೆ, ಓದಬೇಕಾಗಿಲ್ಲ, ಬಾಯಿಪಾಠ — ಮೂಗು ಕೈಕೊಟ್ಟವರು ಅಂದೇ ಕುರ್ಚಿ ಬಿಟ್ಟು ಚಾಕು ಮೇಜಿಗೆ ಹೋಗಬೇಕು, ಮತ್ತೆ ಕೂರಬೇಕಾದರೆ ಹನ್ನೆರಡು ಬಾಟಲಿಯ ಪರೀಕ್ಷೆ, ಕಣ್ಣಿಗೆ ಪಟ್ಟಿ ಕಟ್ಟಿ ಹನ್ನೆರಡು ವಾಸನೆ ಗುರುತಿಸಬೇಕು, ಆ ಪರೀಕ್ಷೆ ವರ್ಷಕ್ಕೆ ಒಂದೇ ಸಲ, ಈ ವರ್ಷದ್ದು ಹೋದ ತಿಂಗಳು ಆಗಿಹೋಗಿದೆ. ಹನ್ನೊಂದು ತಿಂಗಳು ನಿಲ್ಲಬೇಕು. ಒಂದು ನೆಗಡಿಗೆ ಹನ್ನೊಂದು ತಿಂಗಳು, ನೆಗಡಿ ಎಷ್ಟು ದಿನ ಇರುತ್ತದೆ, ಔಷಧಿ ತೆಗೆದುಕೊಂಡರೆ ಏಳು ದಿನ, ತೆಗೆದುಕೊಳ್ಳದಿದ್ದರೆ ಒಂದು ವಾರ, ಆಮೇಲೆ ಮೂಗು ಬರುತ್ತದೆ, ಕುರ್ಚಿ ಬರುವುದಿಲ್ಲ. ಅವಳ ಹಿಮ್ಮಡಿಗಳು ಬೂಟಿನೊಳಗೇ ಒಂದನ್ನೊಂದು ಹುಡುಕಿಕೊಂಡು ಹತ್ತಿರ ಸರಿದವು, ಪಾಪ. ಸರಿ, ಹತ್ತೊಂಬತ್ತು. ಸರಿ, ಇಪ್ಪತ್ತು.

ಈ ನೆಗಡಿ ಬಂದದ್ದು ಮಗಳಿಂದ, ಮಗಳಿಗೆ ಬಂದದ್ದು ಶಾಲೆಯಿಂದ, ಶಾಲೆ ಅಂದರೆ ಅಕ್ಷರ ಕಲಿಸುವುದಕ್ಕಿಂತ ನೆಗಡಿ ಹಂಚುವುದರಲ್ಲಿ ಬಹಳ ಚುರುಕು, ಯಾರನ್ನೂ ಬಿಡುವುದಿಲ್ಲ, ಎಲ್ಲ ಬೆಂಚಿಗೂ ಸಮಪಾಲು. ಬೆಳಿಗ್ಗೆ ಹಾಸಿಗೆಯ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿತ್ತು ಮಗು, ಗೊರ್ ಗೊರ್ ಎಂದು ಬಾಯಿಂದಲೇ ಉಸಿರು, ಎದ್ದು ಕೂತು, ಅಬ್ಬಾ ಎಂದಿತು. ಯಾಕೆ ಏನಾಯ್ತು ಏನು ಅಂಥ ಆಶ್ಚರ್ಯ ಎಂದು ಇವಳು ಗಾಬರಿಯಾದರೆ, ಅಬ್ಬಾ, ದದ್ದ ಬೂಗು ಕಟ್ಟಿದೆ — ಅಮ್ಮಾ, ನನ್ನ ಮೂಗು ಕಟ್ಟಿದೆ, ಅಷ್ಟೇ ವಿಷಯ. ಇವಳು ಅಯ್ಯೋ ಕಂದಾ ಎನ್ನಲು ಹೋಗಿ ಅಯ್ಯೋ ಕದ್ದಾ ಎಂದಳು, ನಾನೇನೂ ಕದ್ದಿಲ್ಲ ಎಂದು ಮಗಳು ಅತ್ತಳು, ಅದೂ ದಾದೇದೂ ಎಂದೇ ಕೇಳಿಸಿತು. ಆಗಲೇ ಗೊತ್ತಾಯಿತು, ಮೂಗು ಕಟ್ಟಿದವರ ಪಾಲಿಗೆ ಭಾಷೆಯಲ್ಲಿ ಕೆಲವು ಅಕ್ಷರಗಳು ಸತ್ತುಹೋಗಿರುತ್ತವೆ, ಮ ಅಂದರೆ ಬ ಬರುತ್ತದೆ, ನ ಅಂದರೆ ದ, ಣ ಅಂದರೆ ಡ, ಮೀನಿನ ಕಾರ್ಖಾನೆಯಲ್ಲಿ ಮೂಗಿನ ಕೆಲಸ ಮಾಡಿಕೊಂಡು ಮೀನು ಎನ್ನದೆ ಮೂಗು ಎನ್ನದೆ ನಾನು ಎನ್ನದೆ ಒಂದು ಪಾಳಿ ಕಳೆಯುವುದು ಹೇಗೆ, ಆದರೆ ಅದೃಷ್ಟ ನೋಡಿ, ಅವಳು ಕುರ್ಚಿಯಲ್ಲಿ ಕೂತು ಹೇಳಬೇಕಾದದ್ದು ಎರಡೇ ಶಬ್ದ, ಸರಿ, ಬೇಡ, ಎರಡಕ್ಕೂ ಮೂಗಿನ ಹಂಗಿಲ್ಲ. ಹಾಗೆಂದುಕೊಂಡೇ ಧೈರ್ಯವಾಗಿ ಬಂದು ಕೂತಳು. ಕೂತ ಐದು ನಿಮಿಷಕ್ಕೆ ಗಾಡಿಯವನನ್ನು, ಅವನು ವಯಸ್ಸಿನಲ್ಲಿ ದೊಡ್ಡವನು, ಮೀಸೆ ಬೇರೆ ಇದೆ, ಅಭ್ಯಾಸಬಲದಿಂದ ಅಣ್ಣಾ ಎಂದು ಕರೆದಳು, ಬಾಯಿಂದ ಬಂದದ್ದು ಅಡ್ಡಾ — ಅಡ್ಡಾನಾ ಅಕ್ಕ, ಆಯ್ತು, ಎಂದು ಅವನು ಉದ್ದಕ್ಕೆ ಮಲಗಿದ್ದ ಮೀನನ್ನು ತಿರುಗಿಸಿ ಅಡ್ಡಕ್ಕೆ ಮಲಗಿಸಿದ, ಯಾಕೆ ಎಂದು ಕೇಳಲೂ ಇಲ್ಲ, ಒಂಬತ್ತು ವರ್ಷದ ಅನುಭವ ಇರುವವಳು ಹೇಳಿದ ಮೇಲೆ ಏನೋ ಇರಬೇಕು, ಅಂದಿನಿಂದ ಅಂದರೆ ಬೆಳಗಿನಿಂದ ಎಲ್ಲ ಮೀನೂ ಅಡ್ಡಡ್ಡ ಬರುತ್ತಿವೆ, ಬಾಲ ಅವಳ ತೊಡೆಗೆ ತಾಗುತ್ತಿದೆ. ಶೆಡ್ಡಿನವರು ಅವಳನ್ನು ಮೂಗಕ್ಕ ಎನ್ನುತ್ತಾರೆ, ಇವತ್ತು ಮೂಗಕ್ಕ ಆ ಹೆಸರಿನ ಇನ್ನೊಂದು ಅರ್ಥಕ್ಕೂ ತಕ್ಕ ಹಾಗೆ ತುಟಿ ಹೊಲಿದುಕೊಂಡು ಕೂತಿದ್ದಾಳೆ.

ಗಂಡನಿಗೆ ಮಾತ್ರ ಗೊತ್ತು. ಇಪ್ಪತ್ತೊಂದು ದಿನ ಸಮುದ್ರದಲ್ಲಿದ್ದು ನಿನ್ನೆ ದಡ ಸೇರಿದ ಮನುಷ್ಯ, ಬೆಳಿಗ್ಗೆ ಬಚ್ಚಲಲ್ಲಿ ಕದ್ದು ಸಿಗರೇಟು ಸೇದಿ, ಹಲ್ಲುಜ್ಜಿ, ಮತ್ತೆ ಹಲ್ಲುಜ್ಜಿ, ಹೇಳಬೇಕಾದ ಸುಳ್ಳನ್ನೂ ಜೋಡಿಸಿಟ್ಟುಕೊಂಡು ಹೊರಗೆ ಬಂದು ನಿಂತ — ಹನ್ನೆರಡು ವರ್ಷದ ದಾಂಪತ್ಯದಲ್ಲಿ ಒಂದೇ ಒಂದು ಸಿಗರೇಟೂ ಅವಳಿಂದ ತಪ್ಪಿಸಿಕೊಂಡದ್ದಿಲ್ಲ, ಪೊಲೀಸ್ ನಾಯಿ ಕಟ್ಕೊಂಡಿದೀನಿ ಎಂದು ಬೋಟಿನಲ್ಲಿ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಾನಂತೆ, ಹೆಮ್ಮೆಯಿಂದಲೇ — ನಿಂತ, ಇವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಲೇ ಇದ್ದಳು, ಇನ್ನೂ ಹತ್ತಿರ ಬಂದು ನಿಂತ, ಹಾ ಎಂದು ಉಸಿರು ಬಿಟ್ಟ, ಏನೂ ಇಲ್ಲ. ಬೈಗುಳಕ್ಕೆ ತಯಾರಾದ ಮುಖಕ್ಕೆ ಬೈಗುಳ ಬೀಳದಿದ್ದರೆ ಅದು ಎಷ್ಟು ಅನಾಥವಾಗಿ ಕಾಣುತ್ತದೆ. ಏನೇ, ಹುಷಾರಿಲ್ವಾ ಎಂದ. ಇವಳು ಮೂಗಿನ ಕಡೆ ಬೆರಳು ತೋರಿಸಿದಳು. ಅವನ ಕಣ್ಣು ಅಗಲವಾಯಿತು, ಒಂದು ಸಲ ಸಿಳ್ಳೆ ಹೊಡೆದ, ಆಮೇಲೆ ಸ್ವಲ್ಪ ಯೋಚಿಸಿ, ಇವತ್ತು ನಮ್ಮ ಬೋಟಿನ ಮೀನೇ ಅಲ್ವಾ ನಿನ್ನ ಮೇಜಿಗೆ ಬರೋದು, ಎಂದ. ಹೌದು. ಹಂಗಾದ್ರೆ ಒಳ್ಳೇದೇ ಆಯ್ತು ಬಿಡು.

ಒಳ್ಳೇದೇ ಆಯ್ತು. ಯಾಕೆ ಒಳ್ಳೆಯದು, ಮೂಸುವವಳಿಗೆ ಮೂಗಿಲ್ಲದಿರುವುದು ಮೀನು ತಂದವನಿಗೆ ಯಾಕೆ ಒಳ್ಳೆಯದು, ಇಪ್ಪತ್ತೆಂಟನೆಯ ಮೀನು, ಸರಿ, ಇದರ ಮೈ ಎಷ್ಟು ಚೆನ್ನಾಗಿದೆ, ನೀಲಿ ಬೆನ್ನು, ಬೆಳ್ಳಿ ಹೊಟ್ಟೆ, ಇದನ್ನೂ ಅವನೇ ಹಿಡಿದಿರಬೇಕು, ಅಥವಾ ಅವನ ಅಣ್ಣ, ಬೋಟು ಭಾವನದ್ದು, ಗಂಡ ಗಾಳ ಹಿಡಿಯುವವರ ಸಾಲಿನಲ್ಲಿ ಮೊದಲನೆಯವನು. ಅದನ್ನು ಅವನು ಹೇಳುವಾಗ ಕೇಳಬೇಕು, ಕುರ್ಚಿಯ ಮೇಲೆ ಹತ್ತಿ ನಿಂತು ಪೊರಕೆಯನ್ನೇ ಗಾಳದ ಕೋಲು ಮಾಡಿಕೊಂಡು ಮಗಳಿಗೆ ತೋರಿಸುತ್ತಾನೆ — ಪೈಪುಗಳಿಂದ ನೀರು ಚಿಮ್ಮಿಸ್ತೀವಿ ಪುಟ್ಟಿ, ಕಡಲಿನ ಮೇಲೆ ಪಟಪಟ ಹನಿ, ಕೆಳಗಿರೋ ಟ್ಯೂನಾ ಏನಂದ್ಕೊಳ್ಳುತ್ತೆ, ಓಹೋ ಮೇಲೆ ಸಣ್ಣ ಮೀನುಗಳ ಜಾತ್ರೆ ಸೇರಿದೆ ಅಂದ್ಕೊಂಡು ಬಾಯಿ ಬಿಟ್ಕೊಂಡು ಬರುತ್ತೆ, ನಾವು ಒಂದು ಹಿಡಿ ನಿಜವಾದ ಸಣ್ಣ ಮೀನೂ ಎಸೀತೀವಿ, ಸುಮ್ನೆ ಮೋಸ ಮಾಡಬಾರದಲ್ಲ, ಗಾಳಕ್ಕೆ ಮುಳ್ಳಿಲ್ಲ, ಕಚ್ಚಿದ ತಕ್ಷಣ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಬೀಸಿದ್ರೆ ತಾನೇ ಕಳಚಿ ಡೆಕ್ ಮೇಲೆ ದೊಪ್ ಅಂತ, ದೊಪ್, ದೊಪ್ — ಪೊರಕೆ ದೀಪಕ್ಕೆ ತಾಗುತ್ತದೆ, ಇಳೀರೀ ಕೆಳಗೆ ಎಂದು ಇವಳು ಕೂಗುತ್ತಾಳೆ. ಹಾಗೆ ಬಿದ್ದ ಮೀನು ಕೂಡಲೇ ತಣ್ಣನೆಯ ಉಪ್ಪುನೀರಿನ ತೊಟ್ಟಿಗೆ ಇಳಿದು ಕಲ್ಲಾಗಬೇಕು, ಬಿಸಿಲಿನಲ್ಲಿ ಬಿದ್ದಿರಬಾರದು, ನಿನ್ನೆ ಊಟಕ್ಕೆ ಕೂತಾಗ ಅವನು ಮಾತಿನ ಮಧ್ಯೆ ಅಂದ, ತಣ್ಣನೆ ಯಂತ್ರ ಒಂದರ್ಧ ದಿನ ಕೆಮ್ಮಿತು, ಅಣ್ಣನಿಗೆ, ಅಂದರೆ ನಿನ್ನ ಭಾವನಿಗೆ, ಜೀವವೇ ಹೋಗಿತ್ತು, ಆಮೇಲೆ ಸರಿಹೋಯ್ತು, ಏನೂ ಆಗಿಲ್ಲ, ಇನ್ನೊಂಚೂರು ಹಾಕು. ಅರ್ಧ ದಿನ. ಅರ್ಧ ದಿನ ಬಿಸಿಯಲ್ಲಿದ್ದ ಟ್ಯೂನಾದೊಳಗೆ ಒಂದು ಕೆಟ್ಟದ್ದು ಹುಟ್ಟಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬೇಯಿಸಿದರೆ ಹೋಗುವುದಿಲ್ಲ, ಡಬ್ಬಿಯೊಳಗೆ ಎರಡನೇ ಸಲ ಬೇಯಿಸಿದರೂ ಹೋಗುವುದಿಲ್ಲ, ತಿಂದವರ ಮುಖ ಕೆಂಪಾಗಿ ತುಟಿ ಉರಿದು ಮೈಯೆಲ್ಲ ದದ್ದು, ಲ್ಯಾಬಿನವರು ನೂರಕ್ಕೆ ಒಂದನ್ನು ನೋಡುತ್ತಾರೆ, ನೂರಕ್ಕೆ ನೂರನ್ನೂ ನೋಡುವುದು ಮೂಗು, ಮೂಗಿಗೆ ಮಾತ್ರ ಸಿಗುವುದು ಅದರ ಜೊತೆಗೆ ಬರುವ ಆ ಸಣ್ಣ ಹುಳಿ, ಸಾಬೂನಿಗೂ ಕೊಳೆತ ಹಣ್ಣಿಗೂ ನಡುವಿನದು, ಆ ಮೂಗು ಇವತ್ತು ರಜೆಯ ಮೇಲಿದೆ, ಅರ್ಜಿ ಕೊಡದೆ.

ಆದರೆ ಅವಳು ಈಗ ಸುಮ್ಮನೆ ಕಣ್ಣು ಮುಚ್ಚಿ ಸರಿ ಅನ್ನುತ್ತಿಲ್ಲ, ಅಷ್ಟು ಕೆಟ್ಟವಳಲ್ಲ, ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾಳೆ, ಉಪಾಯದ ಹೆಸರು ಚಿಕ್ಕಮೂಗು. ಚಿಕ್ಕಮೂಗು ಅಂದರೆ ಎರಡು ವರ್ಷದಿಂದ ಕುರ್ಚಿಯ ಪಕ್ಕ ನಿಂತು ಕಲಿಯುತ್ತಿರುವವಳು, ಅವಳ ಮಗ ಇವಳ ಮಗಳ ಬೆಂಚಿನಲ್ಲೇ ಕೂರುವುದು, ಒಳ್ಳೆಯ ಹೆಣ್ಣು, ಒಳ್ಳೆಯ ಮೂಗು, ಕುರ್ಚಿಯ ದಿಂಬನ್ನು ಮಾತ್ರ ಆಗಾಗ ಒಂದು ಥರಾ ನೋಡುತ್ತಾಳೆ. ಮೀನು ಕೆಟ್ಟಿದ್ದರೆ ಅವಳ ಮುಖದಲ್ಲಿ ಗೊತ್ತಾಗಿಬಿಡುತ್ತದೆ, ಹೊಳ್ಳೆ ಅರಳುತ್ತದೆ, ಮೇಲ್ದುಟಿ ಎಡಕ್ಕೆ ಎಳೆಯುತ್ತದೆ, ಅದನ್ನು ನೋಡಿಕೊಂಡು ಇವಳು ಬೇಡ ಅನ್ನುವುದು, ಅಷ್ಟೇ, ಮೂಗು ಯಾರದ್ದಾದರೇನು ಮೀನು ಸರಿ ಇದ್ದರಾಯಿತು. ಅದಕ್ಕೆ ಅವಳು ಮೊದಲು ಮೂಸಬೇಕು, ವಾಡಿಕೆಯಲ್ಲಿ ಮೊದಲು ಮೂಸುವುದು ಕುರ್ಚಿಯವಳು, ಇಪ್ಪತ್ತೊಂಬತ್ತನೆಯದಕ್ಕೆ ಇವಳು ಗದ್ದ ಎತ್ತಿ ನೀನು ಮೊದಲು ಎಂಬಂತೆ ಸನ್ನೆ ಮಾಡಿದಳು, ಚಿಕ್ಕಮೂಗು ಅಂಗೈ ತೋರಿಸಿ ಛೆ ಛೆ ನೀವಕ್ಕ ಎಂಬಂತೆ ತಲೆ ಬಗ್ಗಿಸಿದಳು, ಇವಳು ಮತ್ತೆ ಗದ್ದ, ಅವಳು ಮತ್ತೆ ಅಂಗೈ, ನೆಂಟರ ಮನೆಯ ಬಾಗಿಲಲ್ಲಿ ನೀವು ಹೋಗಿ ನೀವು ಹೋಗಿ ಎಂದು ಇಬ್ಬರೂ ಹೊರಗೇ ನಿಂತ ಹಾಗೆ, ಗಾಡಿಯವನು ಕಿವಿರು ಹಿಡಿದು ಹಿಡಿದು ಕೈ ಸೋತು, ಮೀನು ಕರಗಿ ನೀರಾಗುತ್ತೆ ನೀವಿಬ್ಬರೂ ಮರ್ಯಾದೆ ಮುಗಿಸೋ ಹೊತ್ತಿಗೆ ಎಂದ, ಕೊನೆಗೆ ಇಬ್ಬರೂ ಒಟ್ಟಿಗೇ ಬಗ್ಗಿದರು, ಹಣೆಗೆ ಹಣೆ ಡಿಕ್ಕಿ ಹೊಡೆಯಿತು, ಕಿವಿರಿನ ಎರಡು ಬದಿಯಲ್ಲಿ ಎರಡು ಮೂಗು, ಮೇಲೆ ನಾಲ್ಕು ಕಣ್ಣು ತೆರೆದು ಒಂದನ್ನೊಂದು ನೋಡುತ್ತ — ಎಷ್ಟು ವಿನಯ ಈ ಹುಡುಗಿಗೆ, ನನ್ನ ಮುಖ ನೋಡಿ ಕಲಿಯುತ್ತಿದ್ದಾಳೆ ಎಂದು ಇವಳಿಗೆ ಒಳಗೊಳಗೇ ಖುಷಿಯೂ ಆಯಿತು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು, ಅವಳ ಹೊಳ್ಳೆ ಅರಳಲಿಲ್ಲ, ತುಟಿ ಎಳೆಯಲಿಲ್ಲ. ಸರಿ. ಸರಿ. ಸರಿ. ಮೂವತ್ತಾರನೆಯದರ ಬಾಯಿ ಮತ್ತೆ ತೆರೆದಿದೆ, ಯಾಕೆ ಇವು ಬಾಯಿ ಬಿಟ್ಟುಕೊಂಡೇ ಬರುತ್ತವೆ, ಒಂದು ಸಲ ಹೇಳಿದರೆ ಸಾಲದೇ.

ಇಲ್ಲಿಂದ ಹೋದ ಮೀನಿಗೆ ಮುಂದೆ ತಡೆಯೇ ಇಲ್ಲ, ಅದು ಅವಳಿಗೆ ಗೊತ್ತು, ಕಣ್ಣು ಮುಚ್ಚಿದರೂ ಶೆಡ್ಡಿನ ಸದ್ದಿನಲ್ಲೇ ಅದರ ದಾರಿ ಕೇಳಿಸುತ್ತದೆ, ಗರಗಸ ಹೊಟ್ಟೆ ಸೀಳುತ್ತದೆ, ನೀರು ತೊಳೆಯುತ್ತದೆ, ಜಾಲರಿಯ ಗಾಡಿಗಳಲ್ಲಿ ಸಾಲಾಗಿ ಮಲಗಿ ಆವಿಯ ಕೋಣೆಗೆ, ಮೂರು ಗಂಟೆ ಬೆಂದು ಹೊರಗೆ ಬಂದು ತಣಿದು ಚಾಕು ಮೇಜಿಗೆ, ಅಲ್ಲಿಂದ ಬಿಳಿ ಮಾಂಸ ಮಾತ್ರ ಓಡುವ ಪಟ್ಟಿಯ ಮೇಲೆ ಸಾಗಿ ಡಬ್ಬಿಯ ಅಳತೆಗೆ ಕತ್ತರಿಸಿಕೊಂಡು ಒಳಗೆ ಕೂರುತ್ತದೆ, ಉಪ್ಪುನೀರೋ ಎಣ್ಣೆಯೋ ಮೇಲಿಂದ ಸುರಿಯುತ್ತದೆ, ಮುಚ್ಚಳದ ಯಂತ್ರ ಕಟಕ್ ಕಟಕ್, ಆಮೇಲೆ ದೊಡ್ಡ ಕಬ್ಬಿಣದ ಹಂಡೆಯೊಳಗೆ ಮುಚ್ಚಿದ ಡಬ್ಬಿಗಳಿಗೆ ಇನ್ನೊಮ್ಮೆ ಬೇಯುವ ಶಿಕ್ಷೆ, ಲೇಬಲ್ಲು, ರಟ್ಟಿನ ಪೆಟ್ಟಿಗೆ, ಲಾರಿ, ಅಂಗಡಿ, ಯಾರದ್ದೋ ಚೀಲ. ನೆಗ್ಗಿದ ಡಬ್ಬಿಗಳು ಮಾತ್ರ ಅಂಗಡಿಗೆ ಹೋಗುವುದಿಲ್ಲ, ಅವು ವಾರಕ್ಕೆರಡರಂತೆ ಕೆಲಸದವರ ಮನೆಗೆ, ಅವಳ ಮನೆಯ ಕಪಾಟಿನಲ್ಲಿ ಇರುವುದೆಲ್ಲ ಅಂಥವೇ, ಸೊಂಟ ಮುರಿದವು, ಭುಜ ಕುಸಿದವು. ಶಾಲೆಯಿಂದ ಬಂದ ಮಗಳು ಅದನ್ನು ತೆರೆಯುವ ಹಕ್ಕನ್ನು ಯಾರಿಗೂ ಕೊಡುವುದಿಲ್ಲ, ಉಂಗುರಕ್ಕೆ ಬೆರಳು ಸಿಕ್ಕಿಸಿ, ನಾಲಿಗೆ ಹೊರಗೆ ಹಾಕಿ, ಪ್ಲಕ್, ಎಣ್ಣೆ ಬಾಣಲೆಗೆ, ಅದರಲ್ಲೇ ಈರುಳ್ಳಿ, ಮೀನನ್ನು ಫೋರ್ಕಿನಿಂದ ಬಿಡಿಸಿ, ನಿಂಬೆ ಹಿಂಡಿ, ಬ್ರೆಡ್ಡಿನ ಮೇಲೆ ಬೆಟ್ಟದ ಹಾಗೆ ಪೇರಿಸಿ — ಮೊದಲು ಮಗಳೂ ಮೂಸಿ ನೋಡಿ ತಲೆ ಓರೆ ಮಾಡಿ ಸರಿ ಎನ್ನುತ್ತಿದ್ದಳು, ಥೇಟ್ ತಾಯಿಯ ಹಾಗೆ, ಅಪ್ಪ ಮೇಜು ಬಡಿದು ನಗುತ್ತಿದ್ದ, ಈಗೀಗ ಮೂಸುವುದನ್ನು ಬಿಟ್ಟಿದ್ದಾಳೆ, ಯಾಕೆ ಪುಟ್ಟೀ ಎಂದರೆ, ನೀನು ಮೂಸಿರ್ತೀಯಲ್ಲ, ಮತ್ಯಾಕೆ ನಾನು. ಎಂದು ಬಾಯಿ ತೆರೆಯುತ್ತಾಳೆ. ಇಷ್ಟಗಲ. ಕಣ್ಣು ಮುಚ್ಚಿಕೊಂಡು.

ನಲವತ್ತಮೂರು, ಸರಿ. ನಲವತ್ತನಾಲ್ಕನೆಯದನ್ನು ಗಾಡಿಯವನು ಅಡ್ಡಡ್ಡ ಮಲಗಿಸುತ್ತಿದ್ದಾಗ ಮೇಲ್ವಿಚಾರಕಿ ಬಂದರು, ಶೆಡ್ಡಿಗೆಲ್ಲ ಅವರು ಮೇಡಂ, ಮುಚ್ಚಳದ ಯಂತ್ರದ ಪಕ್ಕದಲ್ಲೇ ಅವರ ಕೋಣೆ ಇರುವುದರಿಂದ ಕಿವಿಗೆರಡು ದಪ್ಪ ಮುಚ್ಚಳ, ಯಾವಾಗಲೂ, ಹೇಳಿದ್ದರಲ್ಲಿ ಅರ್ಧ ಕೇಳುತ್ತದೆ, ಮಿಕ್ಕರ್ಧ ಅವರೇ ತುಂಬಿಕೊಳ್ಳುತ್ತಾರೆ. ಇದ್ಯಾಕೆ ಇವತ್ತು ಮೀನೆಲ್ಲ ಅಡ್ಡ ಮಲಗಿವೆ ಎಂದರು. ಗಾಡಿಯವನು ಮೂಗಕ್ಕನ ಕಡೆ ನೋಡಿದ. ಮೂಗಕ್ಕ ಕಿವಿರಿಗೆ ಬಗ್ಗಿದವಳು ತಲೆಯೆತ್ತಿದಳು, ಎತ್ತಿದವಳು ಮರ್ಯಾದೆಗೆ ಒಂದು ನಮಸ್ಕಾರವಾದರೂ ಹೇಳಬೇಕು, ನಮಸ್ಕಾರದಲ್ಲಿ ನ ಇದೆ, ಮ ಇದೆ, ಅಯ್ಯೋ, ಬೇರೇನೂ ತೋಚದೆ ಮೇಡಂ ಎಂದುಬಿಟ್ಟಳು, ಎಂದ ಮೇಲೆ ಕೇಳಿಸಿತು ತಾನು ಏನೆಂದೆ ಎನ್ನುವುದು. ಬೇಡಬ್.

ಬೇಡ, ಎಂದು ಗಾಡಿಯವನು ಕೆಂಪು ಚೀಟಿಗೆ ಕೈ ಹಾಕಿದ. ಬೇಡವಾ, ಎಂದು ಮೇಡಂ ಹತ್ತಿರ ಬಂದರು, ಹುಬ್ಬು ಮೇಲೇರಿತ್ತು, ಒಂಬತ್ತು ವರ್ಷದಲ್ಲಿ ಮೂಗಕ್ಕ ಬೇಡ ಅಂದದ್ದು ಬೆರಳೆಣಿಕೆ, ಅಂದಾಗಲೆಲ್ಲ ನಿಜವಾಗಿದೆ, ಅದೂ ಸ್ವಂತ ಗಂಡನ ಬೋಟಿಗೇ ಬೇಡ ಅಂದಳೆಂದರೆ ಎಂಥ ಹೆಂಗಸು ಎಂಬ ಮೆಚ್ಚುಗೆ ಅವರ ಕಣ್ಣಿನಲ್ಲಿ ಆಗಲೇ ತೇಲುತ್ತಿತ್ತು. ಚಿಕ್ಕಮೂಗಿನ ಕಡೆ ತಿರುಗಿ, ನಿಂಗೇನನ್ನಿಸ್ತಮ್ಮಾ ಎಂದರು. ಚಿಕ್ಕಮೂಗು ಮೂಗಕ್ಕನ ಮುಖವನ್ನು ನೋಡಿದಳು, ಮೀನನ್ನು ನೋಡಿದಳು, ಪೆನ್ಸಿಲಿನ ತುದಿ ಕಚ್ಚಿದಳು, ಬೆಳಗಿನಿಂದ ಸರಿ, ಹೌದು, ಆಯ್ತು ಬಿಟ್ಟು ಬೇರೆ ಮಾತೇ ಆಡದಿದ್ದ ಹುಡುಗಿ ಈಗ ಬೇರೆ ದಾರಿಯಿಲ್ಲದೆ ಬಾಯಿ ತೆಗೆದಳು — ದಗ್ಗೂ ಹಾಗೇ ಅದ್ದಿಸ್ತು ಬೇಡಬ್.

ದಗ್ಗೂ. ಅದ್ದಿಸ್ತು. ನಂಗೂ ಹಾಗೇ ಅನ್ನಿಸ್ತು. ಅಯ್ಯೋ ದೇವರೇ, ಇವಳದ್ದೂ. ಅದೇ ಬೆಂಚು, ಅದೇ ಶಾಲೆ, ಅದೇ ಸಮಪಾಲು, ಆ ಅಂಗೈ, ಆ ನೀವು ಮೊದಲು, ಆ ನಾಲ್ಕು ಕಣ್ಣು, ನಾನು ಅವಳ ಮುಖ ನೋಡುತ್ತಿದ್ದರೆ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ಸರಿ ಅಂದೆನೆಂದು ಅವಳು ಸರಿ, ಅವಳ ಹೊಳ್ಳೆ ಅರಳಲಿಲ್ಲವೆಂದು ನಾನು ಸರಿ, ನಲವತ್ತಮೂರು ಮೀನು, ಎರಡು ಮೂಗು, ಒಂದರಲ್ಲೂ ಉಸಿರಿಲ್ಲ. ನಗು ಬಂತು, ಹೊಟ್ಟೆಯ ತಳದಿಂದ ಬಂತು, ಮೂಗಿನಲ್ಲಿ ದಾರಿಯಿಲ್ಲದೆ ಗಂಟಲಲ್ಲೇ ತಿರುಗಿ ಕಣ್ಣಿಗೆ ನೀರಾಗಿ ಬಂತು, ಮೇಡಂ ಅದನ್ನು ಬೇರೆಯೇ ತಿಳಿದುಕೊಂಡರು, ಅಳಬೇಡಿ, ನಂಗರ್ಥ ಆಗುತ್ತೆ, ಮನೆಯವರ ಬೋಟು, ಆದ್ರೆ ಎರಡು ಮೂಗು ಬೇಡ ಅಂದ್ಮೇಲೆ ಮುಗೀತು, ಇಡೀ ಬೋಟಿಗೇ ಕೆಂಪು ಚೀಟಿ, ಎಲ್ಲ ಗೊಬ್ಬರದ ಕಡೆಗೆ ಹೋಗಲಿ. ಗೊಬ್ಬರಕ್ಕೆ. ಇಪ್ಪತ್ತೊಂದು ದಿನ, ದೊಪ್, ದೊಪ್, ಭಾವನ ಬೋಟು, ಗಂಡನ ಭುಜದ ನೋವಿಗೆ ನಿನ್ನೆ ತಾನೇ ಬಿಸಿನೀರಿನ ಚೀಲ ಇಟ್ಟದ್ದು, ಎಲ್ಲವೂ ಒಂದು ಅಕ್ಷರಕ್ಕೆ ಗೊಬ್ಬರ, ಬೇಡ ಅಂದಿಲ್ಲ ಮೇಡಂ ಅಂದೆ ಎನ್ನಬೇಕು, ಎಂದರೆ ಮೂಗು ಹೊರಬೀಳುತ್ತದೆ, ತಪ್ಪಾಯ್ತು ಸರಿ ಅಂದುಬಿಡಲೇ, ಸರಿ ಅನ್ನಲು ಬರುತ್ತದೆ, ಸ್ಪಷ್ಟವಾಗಿ ಬರುತ್ತದೆ, ಗಂಡನ ಮೀನೂ ಉಳಿಯುತ್ತದೆ, ಕುರ್ಚಿಯೂ ಉಳಿಯುತ್ತದೆ, ಹಿಮ್ಮಡಿಗಳು ಬೂಟಿನೊಳಗಿಂದ ಹೂಂ ಹೂಂ ಎನ್ನುತ್ತಿವೆ, ಬಹುಶಃ ಮೀನು ಚೆನ್ನಾಗಿಯೇ ಇದೆ, ಏನೂ ಆಗಿಲ್ಲ ಅಂದನಲ್ಲ, ಒಳ್ಳೇದೇ ಆಯ್ತು ಅಂದನಲ್ಲ, ಅದೇ, ಅದೇ, ಒಳ್ಳೇದೇ ಆಯ್ತು ಅಂತ ಯಾಕಂದ — ಈ ಮೀನು ಕೆಟ್ಟಿದೆಯೋ ಇಲ್ಲವೋ, ಹಾಕ್ತೀನಾ, ಇದನ್ನ ಮಗೂಗೆ ಹಾಕ್ತೀನಾ, ಮಗು ಬಾಯಿ ತೆರೆದು ಕೂತಿದೆ, ಮೂಸುವುದನ್ನು ಬಿಟ್ಟಿದೆ, ನಾನು ಮೂಸಿರುತ್ತೇನಲ್ಲ.

ಗೊತ್ತಿಲ್ಲ, ಎಂದಳು. ಎಷ್ಟು ಸ್ವಚ್ಛವಾಗಿ ಬಂತು, ಸರಿ ಬೇಡಗಳ ಹಾಗೆ ಇದಕ್ಕೂ ಮೂಗಿನ ಹಂಗಿಲ್ಲ, ಒಂಬತ್ತು ವರ್ಷ ಈ ಕುರ್ಚಿಯಲ್ಲಿ ಕೂತು ಒಂದು ದಿನವೂ ಬಳಸಿರದ ಮೂರನೆಯ ಶಬ್ದ. ಮೇಡಂ ಒಂದು ಕಿವಿಯ ಮುಚ್ಚಳ ಎತ್ತಿದರು, ಏನಂದ್ರಿ. ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಏನ್ರೀ, ಈಗ ತಾನೇ ಬೇಡ ಅಂದ್ರಲ್ಲ. ಗಾಡಿಯವನ ಕೈ ಕೆಂಪು ಚೀಟಿಯ ಮೇಲೆ, ಚಿಕ್ಕಮೂಗಿನ ಪೆನ್ಸಿಲು ಗಾಳಿಯಲ್ಲಿ, ಮೀನಿನ ಬಾಯಿ ಇಷ್ಟಗಲ, ನಲವತ್ತನಾಲ್ಕರ ಬಾಯಿ, ಇದೂ ತೆರೆದೇ ಇದೆ, ಒಳಗೆ ಸಣ್ಣ ಸಣ್ಣ ಹಲ್ಲು, ಅದರಾಚೆ ಕತ್ತಲು, ಬೆಳಿಗ್ಗೆ ಹಾಸಿಗೆಯ ಮೇಲಿನ ಬಾಯಿಯೂ ಹೀಗೇ, ಮೇಜಿನ ಬದಿಯ ಬಾಯಿಯೂ ಹೀಗೇ. ಬೇಡಬ್, ಎಂದಳು, ದದ್ದ ಬೂಗು ಕಟ್ಟಿದೆ.

ಮುಚ್ಚಳದ ಯಂತ್ರ ಕಟಕ್ ಕಟಕ್ ಎಂದಿತು. ಆಮೇಲೆ ಚಿಕ್ಕಮೂಗು, ಸಣ್ಣ ದನಿಯಲ್ಲಿ, ದದ್ದೂ. ಆಮೇಲೆ ಗಾಡಿಯವನು, ಬಹಳ ಯೋಚಿಸಿ, ಹಂಗಾದ್ರೆ ಅಕ್ಕ, ಅಡ್ಡ ಅಂದಿದ್ದು? ಅಡ್ಡಾ ಅಂತ ಕರೆದದ್ದು, ಎಂದಳು, ಅವನು ಅಡ್ಡ, ಅಡ್ಡಾ, ಅಣ್ಣಾ ಎಂದು ತುಟಿಯಲ್ಲೇ ತೂಗಿ ನೋಡಿ, ಮೀನನ್ನು ಮೆಲ್ಲಗೆ ತಿರುಗಿಸಿ ಉದ್ದಕ್ಕೆ ಮಲಗಿಸಿದ. ಮೇಡಂ ಎರಡೂ ಕಿವಿಯ ಮುಚ್ಚಳ ಕೆಳಗಿಳಿಸಿಕೊಂಡು ಹೇಳಬೇಕಾದದ್ದೆಲ್ಲ ಹೇಳಿದರು, ನಲವತ್ತಮೂರನ್ನೂ ವಾಪಸು ತಂದು ಐಸಿನಲ್ಲಿಡಿ, ಒಂದು ಚೂರೂ ಆವಿಗೆ ಹೋಗಕೂಡದು, ಗೇಟಿನವನಿಗೆ ಹೇಳಿ ಗಾಡಿ ಕಳಿಸಿ, ದೊಡ್ಡಮೂಗು ಮನೆಯಲ್ಲಿದ್ದರೆ ಹೇಗಿದ್ದರೆ ಹಾಗೆ ಕರೆತರಲಿ, ವಯಸ್ಸಾದ ಮೂಗಾದರೂ ಕಟ್ಟಿಲ್ಲವಲ್ಲ, ನೀವಿಬ್ಬರೂ ಇವತ್ತಿನಿಂದಲೇ ಚಾಕು ಮೇಜು. ಆಯ್ತು, ಎಂದರು ಇಬ್ಬರೂ, ಆಯ್ತಿಗೂ ಮೂಗು ಬೇಡ. ಅವಳು ಕುರ್ಚಿಯಿಂದ ಎದ್ದಳು, ದಿಂಬು ತೆಗೆದುಕೊಳ್ಳಲೋ ಬಿಡಲೋ ಎಂದು ನೋಡಿ ಬಿಟ್ಟಳು, ಬರುವ ಹಿರಿಯರಿಗೆ ಬೇಕಾಗುತ್ತದೆ, ನಿಂತಳು, ಹಿಮ್ಮಡಿಗಳು ಏನೂ ಅನ್ನಲಿಲ್ಲ, ಬಾಯಿಂದಲೇ ಉಸಿರು ಒಳಗೆ, ಬಾಯಿಂದಲೇ ಹೊರಗೆ, ಎದುರಿಗೆ ಉದ್ದಕ್ಕೆ ಮಲಗಿದ ಮೀನು, ಅದರ ಬಾಯಿ, ತೆರೆದ ಬಾಯಿ, ತೆರೆದೇ ಇರುವ ಬಾಯಿ —

ಒಂಬತ್ತು ವರ್ಷದ ಹಿಂದೆ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು, ನಲವತ್ತಮೂರು ಮೀನು ತಡವಾಗಿ.